ಬೆಳಕು ಕಂಡರೆ ಸಾಯುವ ಬ್ಯಾಕ್ಟೀರಿಯಾ

ಮಧುಮೇಹದ ರೋಗಿಗಳು ಚುಚ್ಚಿಸಿಕೊಳ್ಳುವ ಇನ್ಸುಲಿನ್ ಮದ್ದನ್ನು ಹಿಂದೆ ದನ, ಹಂದಿಗಳ ಮೇದೋಜ್ಜೀರಕಾಂಗದಿಂದ ತೆಗೆಯುತ್ತಿದ್ದರು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿಗೆ ಬೇಕಾದ ಜೀನುಗಳನ್ನು ತಾವೇ ರಚಿಸಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಕಣ್ಣಿಗೆ ಕಾಣದ ಆ ಜೀವಿ ಮನುಷ್ಯನಿಗೆ ಮದ್ದು ತಯಾರಿಸುವ ಆಳಾಯಿತು. ಆದರೆ ಈ ಆಳು ಕೊಟ್ಟಿಗೆಯ ಹಸುವಿನಂತೆ ಹಗ್ಗಕ್ಕೆ ಕಟ್ಟಿ ಹಾಕುವಂಥದಲ್ಲ. ಹೀಗೆ ಮಾರ್ಪಡಿಸಿದ ಬ್ಯಾಕ್ಟೀರಿಯಾ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಚರಂಡಿ ಸೇರಿದರೆ ಹಿಡಿದು ತರುವವರು ಯಾರು? ಈ ಚಿಂತೆ ವಿಜ್ಞಾನಿಗಳನ್ನು ಮೊದಲೇ ಕಾಡಿತ್ತು. 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮಾರ್‌ನಲ್ಲಿ ಸಭೆ ಸೇರಿ ಅವರು ಇದನ್ನೇ ಚರ್ಚಿಸಿದ್ದರು.

ಹೊರಗೆ ಹೋದ ಬ್ಯಾಕ್ಟೀರಿಯಾ ತಾನಾಗಿಯೇ ಸಾಯುವಂತೆ ಮಾಡಲು ಹುಡುಕಿದ ಉಪಾಯಗಳಲ್ಲಿ ಒಂದು ಬೆಳಕು. 2006ರಲ್ಲಿ ಮಾಸ್ಕೋದ ಸಂಶೋಧಕರು 'ಕಿಲ್ಲರ್‌ರೆಡ್' ಎಂಬ ಕೆಂಪು ಪ್ರೋಟೀನಿನ ವಿಷಯ ಪ್ರಕಟಿಸಿದರು. ಜೆಲ್ಲಿ ಮೀನಿನ ಬಳಗದ ಒಂದು ಕಡಲಜೀವಿಯ ಬಣ್ಣದ ಪ್ರೋಟೀನನ್ನು ತಿದ್ದಿ ಪಡೆದದ್ದು ಅದು. ಮಕ್ಕಳೇ, ಒಂದು ಪುಟ್ಟ ಪೀಪಾಯಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ನಡುವೆ ಬೆಳಕನ್ನು ಹೀರುವ ಬಣ್ಣದ ಭಾಗವಿದೆ. ಪೀಪಾಯಿಯೊಳಗೆ ನೀರು ತುಂಬಿದ ಸಣ್ಣ ಕಾಲುವೆಯೊಂದು ಈ ಭಾಗದಿಂದ ಹೊರಕ್ಕೆ ಹೋಗುತ್ತದೆ. ಹಸಿರು, ಹಳದಿ ಬೆಳಕು ಬಿದ್ದಾಗ ಇಲ್ಲಿಂದ ಆಮ್ಲಜನಕಕ್ಕೆ ಒಂದು ಇಲೆಕ್ಟ್ರಾನು ದಾಟುತ್ತದೆ. ನಮ್ಮ ಉಸಿರಿಗೆ ಆಧಾರವಾದ ಆಮ್ಲಜನಕವೇ ಆಗ ಉಗ್ರರೂಪ ತಾಳಿ, ಜೀವಕೋಶದ ಪೊರೆಯನ್ನೂ ಒಳಗಿನ ಪ್ರೋಟೀನುಗಳನ್ನೂ ಹಾಳುಗೆಡವುತ್ತದೆ. ಕತ್ತಲೆಯಲ್ಲಿ ಮಾತ್ರ ಈ ಪ್ರೋಟೀನು ಪರಮ ಸಾಧು. ಹಾಗಾಗಿ ಬ್ಯಾಕ್ಟೀರಿಯಾವನ್ನು ಮುಚ್ಚಿದ ಪಾತ್ರೆಯಲ್ಲಿ ಸಾಕಬಹುದು. ಬಿಸಿಲಿಗೆ ಬಿದ್ದರೆ ಅದರ ಕತೆ ಮುಗಿಯುತ್ತದೆ.

ಕೇಳಲು ಸೊಗಸು. ಆದರೆ ತಪ್ಪಿಸಿಕೊಂಡದ್ದು ಮಣ್ಣಿನೊಳಗೆ ಇಳಿದರೆ ಅಲ್ಲಿ ಬಿಸಿಲೆಲ್ಲಿ? ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಅನುಕೂಲ ಸಿಕ್ಕರೆ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಷ್ಟೊಂದು ಸಲ ಜೀನು ನಕಲಾಗುವಾಗ ಎಲ್ಲೋ ಒಂದರಲ್ಲಿ ತಪ್ಪು ನುಸುಳಿ ಕೊಲ್ಲುವ ಪ್ರೋಟೀನು ಕೆಟ್ಟುಹೋಗಬಹುದು. ಬಿಸಿಲಿಗೆ ಸಾಯದ ಆ ಒಂದೇ ಮುಂದೆ ಸಂತಾನ ಬೆಳೆಸುತ್ತದೆ.

ಅಮೆರಿಕದ ಆರೋಗ್ಯ ಸಂಸ್ಥೆಯ ನಿಯಮದಂತೆ, ಇಂಥ ಬೀಗ ತಪ್ಪಿಸಿಕೊಂಡು ಬದುಕುವುದು 10 ಕೋಟಿಗೆ ಒಂದಕ್ಕಿಂತ ಕಡಿಮೆ ಇರಬೇಕು. ಎಷ್ಟು ಕಟ್ಟುನಿಟ್ಟು ಎನಿಸುತ್ತದೆಯಲ್ಲವೆ? ಲೆಕ್ಕ ಮಾಡಿ ನೋಡಿ. ಚೆನ್ನಾಗಿ ಬೆಳೆದ ದ್ರವದ ಒಂದು ಮಿಲಿಲೀಟರಿನಲ್ಲಿ ಸುಮಾರು 100 ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. 10 ಕೋಟಿಗೆ ಒಂದು ಉಳಿದರೂ ಒಂದು ಲೀಟರಿನಲ್ಲಿ 10,000 ಉಳಿದಂತಾಯಿತು!

ಆದ್ದರಿಂದ ಒಂದೇ ಬೀಗವನ್ನು ನಂಬುವಂತಿಲ್ಲ. 2015ರಲ್ಲಿ ಅಮೆರಿಕದ ಎರಡು ತಂಡಗಳು ಬೇರೊಂದು ಬಗೆಯ ಬೀಗ ಹಾಕಿದವು. ಪ್ರಕೃತಿಯಲ್ಲಿ ಎಲ್ಲಿಯೂ ಸಿಗದ, ಮನುಷ್ಯನೇ ತಯಾರಿಸಿದ ಅಮೈನೋ ಆಮ್ಲವನ್ನು ಉಣಿಸಿದರೆ ಮಾತ್ರ ಬದುಕುವ ಇ. ಕೋಲೈ ಅದು. ಅಂಥದು ಮಣ್ಣಿನ ಕತ್ತಲೆಯಲ್ಲಿ ಅಡಗಿದರೂ ಅಲ್ಲಿ ಅದಕ್ಕೆ ಊಟವಿಲ್ಲ.