ಅಂದು ಕೂಗಾಡಿದವರಲ್ಲಿ ನಾನೂ ಇದ್ದೆ

ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗಿನ ಮಾತು. ಹುಳಿಯಾರಿನ ಹತ್ತಿರದ ನಮ್ಮ ತೋಟದಲ್ಲಿ ಕಾಯಿ ಕೀಳಲು ಮರ ಹತ್ತಿದ್ದ ಚಿಕ್ಕಪ್ಪ ಕಾಲು ಜಾರಿ ಬಿದ್ದರು. ಸಿಕ್ಕ ಆಟೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಹಿಂದೆಯೇ ಐದಾರು ಬೈಕ್‌ಗಳಲ್ಲಿ ಊರ ಹುಡುಗರು.

ಚಿಕ್ಕಪ್ಪ ನೋವಿನಿಂದ ಕಿರುಚುತ್ತಿದ್ದರು. ಇದ್ದ ಒಬ್ಬ ಡಾಕ್ಟರು, ಒಬ್ಬ ಸಿಸ್ಟರ್ ಇಬ್ಬರೂ ಸದ್ದಿಲ್ಲದೆ ಮಲಗಿದ್ದ ಹೆಂಗಸೊಬ್ಬರ ಬಳಿ ಇದ್ದರು. ‘ಐದು ನಿಮಿಷ ಇರಿ, ಅವರನ್ನು ಅಲುಗಾಡಿಸಬೇಡಿ’ ಎಂದರು ಸಿಸ್ಟರ್. ‘ಇಲ್ಲಿ ಜೀವ ಹೋಗ್ತಿದೆ, ನಿಮಗೆ ಕಣ್ಣು ಕಾಣಲ್ವಾ?’ ಎಂದು ಕೂಗಿದೆ. ಜತೆಗಿದ್ದವರು ಔಷಧಿ ಟ್ರೇ ಉರುಳಿಸಿದರು. ನಾನು ಸಿಸ್ಟರ್ ಕೈ ಹಿಡಿದು ಎಳೆದೆ.

ಆ ಹೆಂಗಸಿಗೆ ಹಾವು ಕಚ್ಚಿತ್ತು, ಉಸಿರು ಸೋಲುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಚಿಕ್ಕಪ್ಪನಿಗೆ ಮುರಿದದ್ದು ಕಾಲು. ದೇವರ ದಯೆ, ಇಬ್ಬರೂ ಉಳಿದರು.

ಈಗ ನಾನು ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಮೊನ್ನೆ ತುರ್ತು ವಿಭಾಗದಲ್ಲಿ ರೋಗಿಯ ಕಡೆಯವರೊಬ್ಬರು ನನ್ನ ಕಾಲರ್ ಹಿಡಿದರು. ಅವರ ಮುಖದಲ್ಲಿದ್ದ ದಿಗಿಲಿನ ಗುರುತು ನನಗಿತ್ತು. ಹಾಗಂತ ಎತ್ತಿದ ಕೈ ಸರಿಯಾಗದು.

ವೃತ್ತಿಜೀವನದಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಗುರಿಯಾಗುವ ಆರೋಗ್ಯ ಕಾರ್ಯಕರ್ತರು ಶೇ 8ರಿಂದ 38ರಷ್ಟು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯ ಪ್ರಕರಣ ನೆನಪಿರಬಹುದು. 2019ರ ಜುಲೈನಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವರು ದೃಷ್ಟಿ ಕಳೆದುಕೊಂಡರು. ಅವರ ನೋವು ನಿಜ, ಪರಿಹಾರದ ಬೇಡಿಕೆಯೂ ನ್ಯಾಯ. ಆದರೆ ನವೆಂಬರ್ 1ರಂದು ಪ್ರಶ್ನಿಸಲು ಬಂದವರು ಕಿರಿಯ ವೈದ್ಯರ ಮೇಲೆ ಹಲ್ಲೆ ಮಾಡಿದರೆಂಬ ಆರೋಪ ಬಂತು. ವೈದ್ಯರು ಮುಷ್ಕರಕ್ಕಿಳಿದರು. ನವೆಂಬರ್ 8ರಂದು ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಹೊರರೋಗಿ ಸೇವೆಗೂ ತೊಂದರೆಯಾಯಿತು. ಕೊನೆಗೆ ಬಾಗಿಲಲ್ಲಿ ನಿಂತವರು ರೋಗಿಗಳೇ.

ಇಂಥ ಹಲ್ಲೆ ತಡೆಯಲೆಂದೇ ನಮ್ಮ ರಾಜ್ಯ 2009ರಲ್ಲಿ ಕಾನೂನು ತಂದಿತು. 3 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ ಅದರಲ್ಲಿತ್ತು, ಅಪರಾಧ ಜಾಮೀನುರಹಿತ. ಆದರೆ ಕಾನೂನು ಬರುವುದು ಏಟು ಬಿದ್ದ ಮೇಲೆ. ಮೊದಲೇ ಮಾಡಬಹುದಾದದ್ದು ಬಹಳ ಇದೆ. ರೋಗಿಯ ಜತೆ ಒಬ್ಬರನ್ನಷ್ಟೇ ಒಳಬಿಡುವುದು, ರಾತ್ರಿ ಪಾಳಿಗೆ ಕಾವಲುಗಾರ, ಬೆಳಕು, ಸಿಬ್ಬಂದಿ ಹೊರಹೋಗಲು ಇನ್ನೊಂದು ಬಾಗಿಲು, ಬೈಗುಳವನ್ನೂ ದಾಖಲಿಸುವ ದೂರು ಪುಸ್ತಕ. ಎಲ್ಲಕ್ಕಿಂತ ಅಗ್ಗದ್ದು ಮಾತು. ಯಾಕೆ ತಡ, ಮುಂದೇನು ಎಂದು ಆಗಾಗ ಹೊರಬಂದು ಹೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಹೆಚ್ಚು ಕೂಗುವವರಿಗಿಂತ ಸುಮ್ಮನಿರುವ ರೋಗಿಯ ಸ್ಥಿತಿ ಗಂಭೀರವಿರಬಹುದು ಎಂದು ನನಗೆ ಅಂದು ಯಾರಾದರೂ ಹೇಳಿದ್ದರೆ?

ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಹುಡುಕುತ್ತಿರುವ ಗೆಳೆಯರೇ, ಸಂದರ್ಶನದಲ್ಲಿ ಸಂಬಳದ ಜತೆ ಇದನ್ನೂ ಕೇಳಿ: ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ? ಹಲ್ಲೆಯಾದರೆ ಸಂಸ್ಥೆಯೇ ಪೊಲೀಸ್ ದೂರು ಕೊಡುತ್ತದೆಯೇ? ಉಳಿದವರೇ, ಆಸ್ಪತ್ರೆಗೆ ಗುಂಪು ಕಟ್ಟಿಕೊಂಡು ಹೋಗಬೇಡಿ. ಅನ್ಯಾಯವಾಗಿದ್ದರೆ ಬರೆದು ದೂರು ಕೊಡಿ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಆ ಸಿಸ್ಟರ್ ಅನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವರಿಗೆ ನನ್ನ ಮುಖ ನೆನಪಿರಲಿಲ್ಲ. ‘ಎಷ್ಟು ಜನರನ್ನು ಅಂತ ನೆನಪಿಟ್ಟುಕೊಳ್ಳಲಿ ಮಗಾ’ ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ.