ಮೇಲೆ ವೇಗದ ಮೋಜು, ಕೆಳಗೆ ಉಸಿರಿನ ಪ್ರಶ್ನೆ

ನಾಲೆಯಲ್ಲೋ ಊರ ಕೆರೆಯಲ್ಲೋ ಈಜು ಕಲಿತ ಭೇರ್ಯ, ಚುಂಚನಕಟ್ಟೆ ಕಡೆಯ ಹುಡುಗರಿಗೆ ಒಂದು ಸಂಗತಿ ಅನುಭವದಿಂದಲೇ ಗೊತ್ತಿರುತ್ತದೆ. ತಲೆ ಮುಳುಗಿಸಿದಾಗ ಗೆಳೆಯ ನೀರೊಳಗೆ ಎರಡು ಕಲ್ಲು ಕುಟ್ಟಿದರೆ ಸದ್ದು ಕಿವಿಯ ಪಕ್ಕದಲ್ಲೇ ಆದಂತೆ ಕೇಳುತ್ತದೆ. ಆದರೆ ಅದು ಯಾವ ಕಡೆಯಿಂದ ಬಂತೆಂದು ಹೇಳಲು ಮಾತ್ರ ಆಗುವುದಿಲ್ಲ. ಕೆರೆಯಲ್ಲಿ ಇದು ಆಟ. ಕಡಲಿನಲ್ಲಿ ಮುಳುಗು ಹಾಕುವವರಿಗೆ ಇದೇ ಪ್ರಾಣಸಂಕಟವಾಗಬಹುದು.

ನಮ್ಮ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಹೋಗುವ ಊರುಗಳಲ್ಲಿ ಮುರ್ಡೇಶ್ವರವೂ ಒಂದು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ಅರಬ್ಬೀ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹವಳಗಳನ್ನೂ ಬಣ್ಣದ ಮೀನುಗಳನ್ನೂ ನೋಡಲು ಹೋಗುವ ಸ್ಕೂಬಾ ಈಜುಗಾರರಿಗೆ ಅದು ನೆಚ್ಚಿನ ತಾಣ. ಇನ್ನೊಂದೆಡೆ ಮಲ್ಪೆ, ಪಣಂಬೂರಿನಂಥ ತೀರಗಳಲ್ಲಿ ಜನರನ್ನು ಸೆಳೆಯುವುದು ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಸ್ಕೂಟರ್. ಎರಡೂ ಒಳ್ಳೆಯ ಕ್ರೀಡೆಗಳೇ. ಒಂದೇ ಜಾಗದಲ್ಲಿ ಸೇರಿದಾಗ ಮಾತ್ರ ಅಪಾಯ.

ಕೇಳುತ್ತದೆ, ತಿಳಿಯುವುದಿಲ್ಲ

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೀರಿನಲ್ಲಿ ಸುಮಾರು 1500 ಮೀಟರ್. ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ತಲುಪುವ ಕಾಲದಲ್ಲಿನ ಅತಿ ಸಣ್ಣ ಅಂತರವನ್ನು ಹಿಡಿದೇ ನಮ್ಮ ಮಿದುಳು ದಿಕ್ಕನ್ನು ಪತ್ತೆ ಮಾಡುತ್ತದೆ. ನೀರೊಳಗೆ ಆ ಅಂತರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಎಂಜಿನ್ನಿನ ಸದ್ದು ಸ್ಪಷ್ಟವಾಗಿ ಕೇಳಿದರೂ ಅದು ಎಡಕ್ಕಿದೆಯೋ ಬಲಕ್ಕಿದೆಯೋ ನೆತ್ತಿಯ ಮೇಲಿದೆಯೋ ತಿಳಿಯುವುದಿಲ್ಲ.

ಹಾಗಾದರೆ ಬೇಗನೆ ಮೇಲೆ ಬಂದು ನೋಡಬಾರದೇ? ಬರುವಂತಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿ ಇರುವುದರ ಎರಡರಷ್ಟು. ಅಲ್ಲಿ ಉಸಿರು ಬಿಗಿಹಿಡಿದು ಒಮ್ಮೆಲೇ ಮೇಲೆದ್ದರೆ, ಬಾಯ್ಲ್ ನಿಯಮದಂತೆ ಶ್ವಾಸಕೋಶದ ಗಾಳಿ ಇಮ್ಮಡಿಯಾಗಿ ಹಿಗ್ಗಿ ಅದನ್ನು ಹರಿದುಬಿಡಬಹುದು. ಅವಸರದಿಂದ ಏರಿದರೆ ರಕ್ತದಲ್ಲಿ ಕರಗಿರುವ ಸಾರಜನಕ ಗುಳ್ಳೆಗಟ್ಟುವ ಭಯವೂ ಉಂಟು. ಆದ್ದರಿಂದ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದೆಂದು ಕಲಿಸುತ್ತಾರೆ. ಅಂದರೆ ಒಂದು ಸೆಕೆಂಡಿಗೆ ಒಂದು ಗೇಣೂ ಇಲ್ಲ!

ಈಗ ಒಂದು ಸಣ್ಣ ಲೆಕ್ಕ. ಕೊನೆಯ 5 ಮೀಟರ್ ಏರಲು ಈಜುಗಾರನಿಗೆ ಸುಮಾರು 33 ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಜೆಟ್ ಸ್ಕೀ ಅಷ್ಟರಲ್ಲಿ 550 ಮೀಟರ್ ಓಡಿರುತ್ತದೆ. ಏರಲು ತೊಡಗಿದಾಗ ಎಲ್ಲೂ ಕಾಣದಿದ್ದ ವಾಹನ, ತಲೆ ಹೊರಗಿಡುವ ಹೊತ್ತಿಗೆ ಎದುರಿಗೇ ಇರಬಹುದು.

ಬಿಟ್ಟರೆ ತಿರುಗದು

ಸವಾರನ ಕಷ್ಟವೂ ಕಡಿಮೆಯಿಲ್ಲ. ಅಲೆಗಳ ನಡುವೆ ಮೂಡುವ ತಲೆ ತೆಂಗಿನಕಾಯಿಯಷ್ಟು ಕಂಡರೆ ಹೆಚ್ಚು. ಜೆಟ್ ಸ್ಕೀ ಕೆಳಗಿನಿಂದ ನೀರನ್ನು ಎಳೆದುಕೊಂಡು ಹಿಂದಕ್ಕೆ ರಭಸದಿಂದ ಚಿಮ್ಮುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಮುಂದಕ್ಕೆ ನುಗ್ಗುತ್ತದೆ. ಅದು ತಿರುಗುವುದೂ ಆ ಚಿಮ್ಮುವ ನೀರಿನ ದಿಕ್ಕು ಬದಲಾದಾಗಲೇ. ಗಾಬರಿಯಲ್ಲಿ ಸವಾರ ಆಕ್ಸಿಲರೇಟರ್ ಬಿಟ್ಟರೆ ನೀರಿನ ಚಿಮ್ಮು ನಿಲ್ಲುತ್ತದೆ, ಹ್ಯಾಂಡಲ್ ತಿರುಗಿಸಿಯೂ ಪ್ರಯೋಜನವಿಲ್ಲ. ವಾಹನ ನೇರವಾಗಿಯೇ ಸಾಗುತ್ತದೆ. ಈಚಿನ ಕೆಲವು ಮಾದರಿಗಳಲ್ಲಿ ಬ್ರೇಕಿನ ವ್ಯವಸ್ಥೆ ಬಂದಿದ್ದರೂ ರಸ್ತೆಯ ಬೈಕಿನಂತೆ ತಟ್ಟನೆ ನಿಲ್ಲುವ ಯಂತ್ರ ಇದಲ್ಲ. ರಸ್ತೆಯಲ್ಲಿ ಬೈಕ್ ಓಡಿಸುವ ಯುವಕರು ಇಲ್ಲೇ ಮೋಸಹೋಗುವುದು.

ಇದು ಕಲ್ಪನೆಯ ಭಯವಲ್ಲ. 2000ದ ಡಿಸೆಂಬರ್ 18ರಂದು ಮೆಕ್ಸಿಕೋದ ಕೊಜುಮೆಲ್ ದ್ವೀಪದ ಬಳಿ ಬ್ರಿಟನ್ನಿನ ಗಾಯಕಿ ಕರ್ಸ್ಟಿ ಮೆಕಾಲ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಮುಳುಗು ಹಾಕಿ ಮೇಲೆ ಬರುತ್ತಿದ್ದರು. ಈಜುಗಾರರಿಗೆಂದೇ ಮೀಸಲಾಗಿದ್ದ ಆ ಜಾಗಕ್ಕೆ ವೇಗದ ಮೋಟಾರು ದೋಣಿಯೊಂದು ನುಗ್ಗಿತು. ಮಗನನ್ನು ಪಕ್ಕಕ್ಕೆ ತಳ್ಳಿದ ತಾಯಿ ತಾವೇ ಅದಕ್ಕೆ ಬಲಿಯಾದರು. ನಮ್ಮ ದೇಶದಲ್ಲೂ ವೇಗದ ದೋಣಿ ಎಂಥ ಅನಾಹುತ ತರಬಲ್ಲದೆಂಬುದನ್ನು ಕಂಡಿದ್ದೇವೆ. 2024ರ ಡಿಸೆಂಬರ್‌ನಲ್ಲಿ ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆಗೆಂದು ಓಡುತ್ತಿದ್ದ ನೌಕಾಪಡೆಯ ವೇಗದ ದೋಣಿ ಹಿಡಿತ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ ಪ್ರವಾಸಿ ದೋಣಿಗೆ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

ಬಾವುಟದ ಮಾತು

ಕೆಳಗಿರುವವನಿಗೆ ತಪ್ಪಿಸಿಕೊಳ್ಳಲು ಆಗದು, ಮೇಲಿರುವವನಿಗೆ ತಟ್ಟನೆ ನಿಲ್ಲಲು ಆಗದು ಎಂದಮೇಲೆ ಉಳಿಯುವ ಉಪಾಯ ಒಂದೇ: ದೂರ. ಅದನ್ನು ಸಾರಲೆಂದೇ ಬಾವುಟಗಳಿವೆ. ಕೆಂಪು ಬಟ್ಟೆಯ ಮೇಲೆ ಓರೆಯಾದ ಬಿಳಿ ಪಟ್ಟಿ ಇರುವುದು ಒಂದು. ಅರ್ಧ ಬಿಳಿ, ಅರ್ಧ ನೀಲಿಯಾಗಿ ತುದಿ ಕವಲೊಡೆದಿರುವುದು ಇನ್ನೊಂದು. ಎರಡರ ಅರ್ಥವೂ 'ಕೆಳಗೆ ಮನುಷ್ಯರಿದ್ದಾರೆ' ಎಂದೇ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ತೆರೆದ ನೀರಿನಲ್ಲಿ ಇಂಥ ಬಾವುಟದಿಂದ 300 ಅಡಿ ದೂರ ಇರಲು ಯತ್ನಿಸಬೇಕು, ಅದರೊಳಗೆ ಬರಲೇಬೇಕಾದರೆ ಅತಿ ನಿಧಾನವಾಗಿ ಬರಬೇಕು ಎಂಬುದು ಕಾನೂನು. ಆದರೆ ಬಾವುಟದ ಅರ್ಥವೇ ತಿಳಿಯದ ಸವಾರನಿಗೆ ಅದು ಬರೀ ಬಣ್ಣದ ಬಟ್ಟೆ.

ಪೋಷಕರು ಗಮನಿಸಬೇಕಾದ ಅಂಶ ಇದು. ಮಕ್ಕಳನ್ನು ಜೆಟ್ ಸ್ಕೀ ಹತ್ತಿಸುವ ಮುನ್ನ ದರ ವಿಚಾರಿಸಿದರೆ ಸಾಲದು. ತರಬೇತಿ ಪಡೆದ ಚಾಲಕ ಜೊತೆಗಿರುತ್ತಾನೆಯೇ? ಓಡಿಸುವ ಜಾಗಕ್ಕೆ ತೇಲುಬುರುಡೆಗಳ ಗಡಿ ಇದೆಯೇ? ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಕೈಗೆ ಕಟ್ಟುವ ದಾರ ಇದೆಯೇ? ಇವನ್ನೂ ಕೇಳಿ. ಸ್ಕೂಬಾಕ್ಕೆ ಕಳುಹಿಸುವವರು ದೋಣಿಯ ಮೇಲೆ ಬಾವುಟ ಹಾರುತ್ತದೆಯೇ, ಎಲ್ಲರೂ ಮುಳುಗಿದ ಮೇಲೆ ಕಾವಲಿಗೆ ಒಬ್ಬರು ಮೇಲಿರುತ್ತಾರೆಯೇ ಎಂದು ವಿಚಾರಿಸಲಿ. ಸಮರ್ಪಕ ಉತ್ತರ ಸಿಗದಿದ್ದರೆ ದಡದಲ್ಲೇ ಕೂತು ಅಲೆ ನೋಡುವುದೂ ಪ್ರವಾಸವೇ.

ವಿದ್ಯಾರ್ಥಿಗಳೂ ಅಷ್ಟೇ. ನಿಂತ ದೋಣಿಯ ಸುತ್ತ ಗಿರಕಿ ಹೊಡೆಯುವುದು, ಗೆಳೆಯರ ಮುಂದೆ ಪಂದ್ಯ ಕಟ್ಟಿ ಈಜುವವರ ನಡುವೆ ನುಗ್ಗುವುದು ಜಾಣತನವಲ್ಲ. ಶಬ್ದ, ಒತ್ತಡ, ಕ್ರಿಯೆ–ಪ್ರತಿಕ್ರಿಯೆಗಳ ಪಾಠವನ್ನು ಪರೀಕ್ಷೆಗೆಂದು ಓದಿದವರು ಕಡಲ ಮೇಲೆ ಅದನ್ನು ನೆನಪಿಟ್ಟರೆ ಒಂದು ಜೀವ ಉಳಿದೀತು.