ದೀಪ ಹಸಿರು, ನೆಟ್ ಮಾತ್ರ ಇಲ್ಲ

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ನೆಟ್‌ವರ್ಕ್ ಕಂಪನಿಯಲ್ಲಿ ನೈಟ್ ಶಿಫ್ಟ್ ಮಾಡ್ತಿದ್ದೆ. ಗೋಡೆ ತುಂಬ ಸ್ಕ್ರೀನು, ಅದರಲ್ಲಿ ಸಾಲು ಸಾಲು ಪೋರ್ಟುಗಳು. ಹಸಿರಾಗಿದ್ದರೆ ಸರಿ, ಕೆಂಪಾದರೆ ಫೋನ್ ಎತ್ತಬೇಕು. ತಾಲ್ಲೂಕು ಕೇಂದ್ರದ ಒಂದು ಬ್ಯಾಂಕ್ ಶಾಖೆಯಿಂದ ಮೂರು ವಾರ ದೂರು ಬರ್ತಾನೇ ಇತ್ತು. ನನ್ನ ಉತ್ತರ ಒಂದೇ: ‘ನಮ್ಮ ಕಡೆ ಲಿಂಕ್ ಅಪ್ ಇದೆ ಸಾರ್.’ ಹಾಗಂದಿದ್ದು ಸುಳ್ಳೂ ಅಲ್ಲ. ಕೊನೆಗೆ ಸೀನಿಯರ್ ಒಬ್ಬರು ಆ ಪೋರ್ಟಿನ ಎರರ್ ಕೌಂಟರ್ ತೆಗೆದು ತೋರಿಸಿದರು. ಸಂಖ್ಯೆ ಕಣ್ಣೆದುರೇ ಏರುತ್ತಿತ್ತು. ಫೈಬರ್ ಕನೆಕ್ಟರಿಗೆ ಧೂಳು ಹಿಡಿದಿತ್ತು, ಒರೆಸಿದ ಮೇಲೆ ಸರಿಹೋಯ್ತು.

‘ಅಪ್’ ಅಂದ್ರೆ ಎದುರು ತುದಿಯಿಂದ ಸಿಗ್ನಲ್ ಸಿಗ್ತಿದೆ ಅಂತ, ಅಷ್ಟೇ. ಮಾನಿಟರಿಂಗ್ ಸಾಫ್ಟ್‌ವೇರ್ ಎಸ್‌ಎನ್‌ಎಂಪಿ ಅನ್ನೋ ಪದ್ಧತಿಯಲ್ಲಿ, ಬಹಳ ಕಡೆ 5 ನಿಮಿಷಕ್ಕೊಮ್ಮೆ, ಸ್ವಿಚ್ಚನ್ನು ಎರಡು ಪ್ರಶ್ನೆ ಕೇಳುತ್ತೆ: ಈ ಪೋರ್ಟ್ ಆನ್ ಇರಬೇಕಾ? ನಿಜಕ್ಕೂ ಆನ್ ಇದೆಯಾ? ಎರಡಕ್ಕೂ ಹೌದು ಬಂದರೆ ಹಸಿರು.

ಆರೋಗ್ಯ ಬೇರೆ ವಿಷಯ. ಕಳಿಸುವ ಯಂತ್ರ ಪ್ರತಿ ಡೇಟಾ ಕಟ್ಟಿನ ಕೊನೆಗೆ ಒಂದು ತಾಳೆ ಸಂಖ್ಯೆ ಸೇರಿಸುತ್ತೆ. ಪಡೆಯುವ ಕಡೆ ಲೆಕ್ಕ ಮತ್ತೆ ಹಾಕಿ ನೋಡ್ತಾರೆ. ತಾಳೆಯಾಗದಿದ್ದರೆ ಆ ಕಟ್ಟು ಕಸಕ್ಕೆ ಹೋಗುತ್ತೆ, ಕೌಂಟರ್ ಒಂದು ಏರುತ್ತೆ. ದೀಪ ಹಸಿರಾಗೇ ಇರುತ್ತೆ. ನಿಮ್ಮ ಪರದೆ ಮೇಲೆ ಚಕ್ರ ಸುತ್ತುತ್ತಾ ಇರುತ್ತೆ. ಫೈಬರಾದರೆ ಬರುವ ಬೆಳಕಿನ ಬಲವನ್ನೂ ಅಳೆಯಬಹುದು: ಪ್ರತಿ 3 ಡೆಸಿಬಲ್ ಇಳಿತಕ್ಕೆ ಬೆಳಕು ಅರ್ಧವಾಗುತ್ತೆ. ವಾರದಿಂದ ವಾರಕ್ಕೆ ಅದು ಇಳೀತಾ ಬಂದರೆ ಲಿಂಕ್ ಸಾಯುವ ಮೊದಲೇ ಗೊತ್ತಾಗುತ್ತೆ. ಯಾರಾದರೂ ನೋಡ್ತಿದ್ದರೆ!

ಭಾರತ್‌ನೆಟ್ ಅಡಿ 2 ಲಕ್ಷಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳು ‘ಸರ್ವಿಸ್ ರೆಡಿ’ ಅಂತ ಕೇಂದ್ರ ಸರ್ಕಾರ ಹೇಳುತ್ತೆ. ಆ ಪದವನ್ನೇ ಗಮನಿಸಿ. ಸೇವೆಗೆ ತಯಾರಿದೆ ಅಂತಾರೆ, ಸೇವೆ ಸಿಗ್ತಿದೆ ಅಂತಲ್ಲ. ಇತ್ತ ನಮ್ಮ ಪಂಚಾಯಿತಿಗಳ ಬಾಪೂಜಿ ಸೇವಾ ಕೇಂದ್ರದಲ್ಲಿ ಪಹಣಿಗೆ ಕಾದವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’. ತಪ್ಪು ಸರ್ವರ್‌ದೋ, ಲಿಂಕ್‌ದೋ, ಕರೆಂಟಿಂದೋ, ಕಂಪ್ಯೂಟರ್ ಮುಂದೆ ಕೂತವರಿಗೂ ಗೊತ್ತಿರಲ್ಲ. ಕೂಲಿ ಬಿಟ್ಟು ಬಂದವರು ವಾಪಸ್ ಹೋಗ್ತಾರೆ.

ಅಪ್‌ಟೈಮ್ ಶೇಕಡಾ ಲೆಕ್ಕವೂ ಸಮಾಧಾನ ಕೊಡಲ್ಲ. 30 ದಿನದ ತಿಂಗಳಲ್ಲಿ ಶೇ. 99 ಅಂದ್ರೆ 7.2 ಗಂಟೆ ಬಂದ್ ಇದ್ದರೂ ನಡೆಯುತ್ತೆ. ಆ 7 ಗಂಟೆ ರಾತ್ರಿಯದ್ದೋ, ಕಚೇರಿ ತೆರೆದಿದ್ದ ಒಂದಿಡೀ ದಿನದ್ದೋ, ಶೇಕಡಾ ಹೇಳಲ್ಲ. ನನ್ನ ಬ್ಯಾಂಕ್ ಪೋರ್ಟಂತೂ ಆ ಮೂರೂ ವಾರ ಶೇ. 100 ಅಪ್!

ಹಾಗಾಗಿ ನಿಮ್ಮ ಪಂಚಾಯಿತಿ ಬಗ್ಗೆ ಆರ್‌ಟಿಐ ಹಾಕೋದಾದ್ರೆ ‘ಲಿಂಕ್ ಇದೆಯೇ’ ಅಂತ ಕೇಳಬೇಡಿ. ಕಳೆದ ಮೂರು ತಿಂಗಳಲ್ಲಿ ಕಚೇರಿ ವೇಳೆಯ ಎರರ್ ಕೌಂಟ್, ಬಂದ ಬೆಳಕಿನ ಬಲ, ಲಿಂಕ್ ಎಷ್ಟು ಸಲ ಬಿದ್ದು ಎದ್ದಿತು, ಇವನ್ನು ಕೇಳಿ. ಕೌಂಟರ್ ಕೊನೆಯ ಸಲ ಯಾವಾಗ ಸೊನ್ನೆಯಾಯಿತು ಅನ್ನೋದನ್ನೂ ಸೇರಿಸಿ. ಉಪಕರಣ ರೀಸ್ಟಾರ್ಟ್ ಆದರೆ ಹಳೇ ಎಣಿಕೆ ಸಾಮಾನ್ಯವಾಗಿ ಅಳಿಸಿಹೋಗುತ್ತೆ.